ಮೂಗಿನ ತೂತು ಮತ್ತು ನಮ್ಮ ಕಾವ್ಯ

ನಮ್ಮ ಕವಿಗಳು ಕಾರ್ಮಿಕನ ಮೇಲೆ ಬರೆದದ್ದನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ ನೋಡಿ. ಬೆವರು ಸಿಕ್ಕುತ್ತೆ, ನೆತ್ತರು ಸಿಕ್ಕುತ್ತೆ, ಬಿಗಿದ ಮುಷ್ಟಿ, ಸುತ್ತಿಗೆ, ಕೆಂಡ, ಕೆಂಪು ಸೂರ್ಯ ಎಲ್ಲ ಸಿಕ್ಕುತ್ತವೆ. ಮೂಗು ಸಿಕ್ಕೋದಿಲ್ಲ. ಚರ್ಮ ಸಿಕ್ಕರೂ ಅದು ಬಾಸುಂಡೆ ಎದ್ದ ಚರ್ಮ, ಯಾರೋ ಚಾಟಿ ಬೀಸಿ ಎಬ್ಬಿಸಿದ್ದು. ಚಾಟಿ ಬೀಸದೆ, ಬಯ್ಯದೆ, ಕೈ ಎತ್ತದೆ, ಬರೀ ಉಸಿರಾಡುವ ಗಾಳಿಯಲ್ಲೇ ಒಬ್ಬ ಮನುಷ್ಯನನ್ನು ತಿಂದು ಹಾಕಬಹುದು ಅನ್ನೋದು ನಮ್ಮ ಕಾವ್ಯಕ್ಕೆ ಇನ್ನೂ ತಿಳಿದಂತಿಲ್ಲ.

ಇದನ್ನು ಕೊಂಕಿಗೆ ಹೇಳುತ್ತಿಲ್ಲ. ನವ್ಯರ ನಾಯಕ ತನ್ನ ಒಳಗನ್ನೇ ಕೆದಕುತ್ತ ಕೂತಿದ್ದಾಗ ನಮ್ಮ ಹಿರಿಯರು ಜಗಳ ಆಡಿ ಸಾಹಿತ್ಯವನ್ನು ಬೀದಿಗೆ, ಕೇರಿಗೆ, ಗದ್ದೆಗೆ ಎಳೆದು ತಂದರು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದೇ ಆ ಜಗಳದಿಂದ. ಹಸಿವು ಕಾವ್ಯಕ್ಕೆ ವಸ್ತುವಾಯಿತು, ಜೀತ ಆಯಿತು, ಮಲ ಹೊರುವುದು ಆಯಿತು. ಆದರೆ ಅವತ್ತಿನ ಜೀತಗಾರನ ಮೊಮ್ಮಗ ಈಗ ಗೌಡನ ಕೊಟ್ಟಿಗೆಯಲ್ಲಿಲ್ಲ. ಬೆಂಗಳೂರಿನ ಯಾವುದೋ ತಗಡಿನ ಶೆಡ್ಡಿನಲ್ಲಿ ಕೆಂಪು ದ್ರಾವಣದ ತೊಟ್ಟಿ ಮುಂದೆ ನಿಂತಿದ್ದಾನೆ. ಅವನ ಹಿಂದೆ ಕಾವ್ಯ ಆ ಶೆಡ್ಡಿನ ತನಕ ನಡೆದು ಹೋಗಿಲ್ಲ, ಊರ ಬಸ್ ಸ್ಟ್ಯಾಂಡಿನಲ್ಲೇ ಕೈ ಬೀಸಿ ವಾಪಸು ಬಂದಿದೆ.

ಆ ತೊಟ್ಟಿಯಲ್ಲಿ ಏನಿದೆ ಅಂತ ಮೊದಲು ನೋಡೋಣ. ವಿಮರ್ಶೆ ಬರೆಯೋನಿಗೆ ರಸಾಯನಶಾಸ್ತ್ರ ಯಾಕೆ ಅಂತ ಕೇಳಬೇಡಿ. ಅಲಂಕಾರಶಾಸ್ತ್ರ ಹೇಳಿದೋರನ್ನ ಯಾರೂ ಕೇಳಲಿಲ್ಲ.

ನಲ್ಲಿ, ಬೈಕಿನ ಹ್ಯಾಂಡಲ್ಲು, ಕುರ್ಚಿಯ ಕಾಲು ಕನ್ನಡಿ ಥರ ಹೊಳೆಯುತ್ತವಲ್ಲ, ಅದು ಕ್ರೋಮ್ ಪ್ಲೇಟಿಂಗಿನ ಹೊಳಪು. ಒಂದು ಲೀಟರ್ ದ್ರಾವಣಕ್ಕೆ ಸುಮಾರು 250 ಗ್ರಾಂ ಕ್ರೋಮಿಕ್ ಆಮ್ಲ, ಅದರ ನೂರನೇ ಒಂದು ಪಾಲು ಗಂಧಕಾಮ್ಲ. ಸಾಮಾನು ಮುಳುಗಿಸಿ ಕರೆಂಟು ಬಿಡುತ್ತಾರೆ. ಬಿಟ್ಟ ಕರೆಂಟಿನಲ್ಲಿ ಹೊಳಪು ಹತ್ತಿಸುವ ಕೆಲಸಕ್ಕೆ ಆಗೋದು ನೂರಕ್ಕೆ ಹತ್ತಿಪ್ಪತ್ತು ಪಾಲು ಮಾತ್ರ. ಉಳಿದದ್ದೆಲ್ಲ ನೀರನ್ನು ಒಡೆದು ಗುಳ್ಳೆ ಎಬ್ಬಿಸುತ್ತದೆ. ಗುಳ್ಳೆ ಮೇಲೆ ಬಂದು ಪಟಪಟ ಒಡೆಯುವಾಗ ಆಮ್ಲದ ಸಣ್ಣ ಹನಿ ಮಂಜಿನ ಹಾಗೆ ಎದ್ದು ನಿಂತವನ ಮುಖದ ಮಟ್ಟಕ್ಕೆ ಬರುತ್ತದೆ. ಸಾಮಾನಿನ ಮೇಲೆ ಕೂರುವ ಕ್ರೋಮ್ ಪದರ ತಲೆಗೂದಲಿನ ನೂರನೇ ಒಂದು ಪಾಲಿಗಿಂತಲೂ ತೆಳು. ಅಷ್ಟು ತೆಳುವಾದ ಥಳಕಿಗೆ ಇಷ್ಟೊಂದು ಮಂಜು.

ಕ್ರೋಮಿಯಂ ಒಂದೇ ಲೋಹವಾದರೂ ವೇಷ ಹಲವು. ನಲ್ಲಿಯ ಮೇಲೆ ಕೂತದ್ದನ್ನು ಮುಟ್ಟಿದರೆ ಏನೂ ಆಗಲ್ಲ. ಹದವಾದ ತೊಗಲಿನಲ್ಲಿ ಇರೋದು ಮೂರರ ಕ್ರೋಮಿಯಂ, ಅದರ ಕೇಡು ಕಮ್ಮಿ. ತೊಟ್ಟಿಯಲ್ಲಿ ಇರೋದು ಆರರದ್ದು. ಮೂರು ಆರು ಅನ್ನೋದು ವೇಲೆನ್ಸಿ ಲೆಕ್ಕ, ನಮ್ಮ ಹೈಸ್ಕೂಲು ಮೇಷ್ಟ್ರುಗಳಿಗೆ ಬಿಡಿಸಿ ಹೇಳಬೇಕಿಲ್ಲ. ಈ ಆರರ ಕ್ರೋಮಿಯಂ ಮೈಯೊಳಗೆ ಕ್ರೋಮೇಟ್ ಆಗಿ ಬಂದಾಗ, ಮೈಗೆ ಬೇಕಾದ ಸಲ್ಫೇಟಿನ ಹಾಗೇ ಕಾಣುತ್ತದೆ. ಜೀವಕೋಶ ನಂಟನೇ ಬಂದ ಅಂತ ಬಾಗಿಲು ತೆಗೆಯುತ್ತದೆ. ಒಳಗೆ ಹೋದ ಮೇಲೆ ಅದು ಮೂರಕ್ಕೆ ಇಳಿಯುತ್ತ ಇಳಿಯುತ್ತ ವಂಶವಾಹಿಯ ಎಳೆಯನ್ನೇ ಕೆಡಿಸುತ್ತದೆ.

ಮೊದಲ ಏಟು ಮೂಗಿಗೆ. ಎರಡು ಹೊಳ್ಳೆಗಳ ನಡುವಿನ ಗೋಡೆ ಮೆತ್ತನೆ ಮೂಳೆಯದು. ಅದಕ್ಕೆ ತನ್ನದೇ ರಕ್ತನಾಳ ಇಲ್ಲ, ಮೇಲಿನ ಪೊರೆ ಉಣಿಸಿದರೆ ಉಂಟು. ಆಮ್ಲದ ಮಂಜು ಪೊರೆಯನ್ನು ಸುಟ್ಟರೆ ಒಳಗಿನದು ಉಪವಾಸ ಬಿದ್ದು ಸಾಯುತ್ತದೆ. ಮೊದಮೊದಲು ಸೀನು, ನೀರು ಸುರಿಯೋದು, ಹಕ್ಕಳೆ ಕಟ್ಟೋದು, ರಕ್ತ ಜಿನುಗೋದು. ಆಮೇಲೆ ಒಂದು ದಿನ ಎಲ್ಲ ನಿಂತು ವಾಸಿ ಆಯ್ತು ಅನ್ನಿಸುತ್ತೆ. ವಾಸಿ ಆಗಿರಲ್ಲ, ತೂತು ಬಿದ್ದಿರುತ್ತೆ. ಬಹಳ ಸಲ ನೋವೇ ಇರೋದಿಲ್ಲ. ಸಣ್ಣ ತೂತಾದರೆ ಉಸಿರು ಎಳೆದಾಗ ಸೀಟಿಯ ಹಾಗೆ ಸದ್ದು ಬರಬಹುದು. ಬೆರಳ ಸಂದಿಯಲ್ಲಿ, ಉಗುರಿನ ಬುಡದಲ್ಲಿ, ಎಲ್ಲಿ ಚರ್ಮ ಗೀರಿತ್ತೋ ಅಲ್ಲಿ ದುಂಡನೆ ಹುಣ್ಣು, ಮೊಳೆ ಹೊಡೆದು ಕಿತ್ತ ಹಾಗೆ. ಕೆಲವರಿಗೆ ಉಬ್ಬಸ. ಇಪ್ಪತ್ತು ವರ್ಷ, ಅದಕ್ಕಿಂತ ಹೆಚ್ಚು ಕಳೆದ ಮೇಲೆ ಕೆಲವರಿಗೆ ಪುಪ್ಪುಸದ ಕ್ಯಾನ್ಸರು. ಅಷ್ಟು ಹೊತ್ತಿಗೆ ಆ ಶೆಡ್ಡು ಇರೋದಿಲ್ಲ, ಹಾಜರಿ ಪುಸ್ತಕ ಇರೋದಿಲ್ಲ. ಬೀಡಿ ಸೇದ್ತಿದ್ದ ಅಂತ ಚೀಟಿಯಲ್ಲಿ ಬರೆದು ಮುಗಿಸುತ್ತಾರೆ.

ನೋವಾಗದ ಗಾಯ. ನಮ್ಮ ಕಾವ್ಯದ ತೊಡಕು ಇಲ್ಲೇ ಇದೆ ಅನ್ನೋದು ನನ್ನ ವಾದ. ನಾವು ಕಲಿತದ್ದು ನೋವನ್ನು ಹಾಡೋದು. ಆರ್ತನಾದ ಕೇಳಿಸಿದ ಕಡೆ ಓಡುತ್ತೇವೆ. ಗಾಯಗೊಂಡವನಿಗೇ ಗೊತ್ತಾಗದ ಗಾಯವನ್ನು ಹೇಗೆ ಹಾಡೋದು? ಅದಕ್ಕೆ ಆಕ್ರೋಶ ಸಾಲದು, ತಿಳಿವಳಿಕೆ ಬೇಕು. ತಿಳಿವಳಿಕೆ ಯಾರ ಹತ್ತಿರ ಇದೆ ಅಂತ ಕೇಳಬೇಕು. ಆ ಪ್ರಶ್ನೆ ನಮ್ಮ ಚಳವಳಿಗೆ ಹೊಸದೇನಲ್ಲ. ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾದ ಲೋಹ, ಅರಗು ಹುಯ್ಯಬೇಕು ಅಂದ ಗೌತಮ ಧರ್ಮಸೂತ್ರವನ್ನು ನಾವು ಸಭೆ ಸಭೆಯಲ್ಲೂ ಎತ್ತಿ ಆಡಿದ್ದೇವೆ. ಈಗ ಕಿವಿಗೆ ಯಾರೂ ಏನೂ ಹುಯ್ಯಬೇಕಾಗಿಲ್ಲ. ಗುಟ್ಟನ್ನು ಪೀಪಾಯಿಯ ಮೇಲೇ ಇಂಗ್ಲಿಷಿನಲ್ಲಿ ಅಚ್ಚು ಹಾಕಿ ಅಂಟಿಸಿದರೆ ಸಾಕು.

ನಮ್ಮ ಕೇರಿಯ ಹುಡುಗನೊಬ್ಬ, ವರಸೆಯಲ್ಲಿ ನನಗೆ ತಮ್ಮ, ಎಸ್ಸೆಸ್ಸೆಲ್ಸಿ ಮುಗಿಸಿ ಇಂಥದೊಂದು ಶೆಡ್ಡು ಸೇರಿದ. ಆರು ಜನರ ಶೆಡ್ಡು. ನೋಡಲು ಹೋದಾಗ ನಾನು ಮೊದಲು ಓದಿದ್ದು ಆ ಪೀಪಾಯಿಯನ್ನೇ, ಓದೋ ಚಟ. ಮೂಲೆಯಲ್ಲಿ ಕೆಂಪು ಚೌಕಟ್ಟಿನ ಚಿತ್ರ ಇತ್ತು. ತಲೆ, ಭುಜ, ಎದೆಯೊಳಗೆ ಬಿಳಿ ನಕ್ಷತ್ರ ಸಿಡಿದ ಹಾಗೆ. ಒಳಗಿನ ಅಂಗ ಕೆಡಿಸುತ್ತೆ, ಕ್ಯಾನ್ಸರು ತರುತ್ತೆ ಅನ್ನೋದಕ್ಕೆ ಲೋಕಕ್ಕೆಲ್ಲ ಒಂದೇ ಇರಲಿ ಅಂತ ವಿಶ್ವಸಂಸ್ಥೆ ಮಾಡಿಸಿದ ಗುರುತು ಅದು. ಇದೇನು ಗೊತ್ತಾ ಅಂತ ಕೇಳಿದೆ. ‘ಆಂಜನೇಯ ಅಲ್ವಾ ಅಣ್ಣ, ಎದೆ ಬಗೆದು ತೋರುಸ್ತಾವ್ನೆ’ ಅಂದ. ಅವನ ಮೂಗಲ್ಲಿ ರಕ್ತ ಜಿನುಗೋದು ಶುರುವಾಗಿ ಎರಡು ತಿಂಗಳಾಗಿತ್ತು. ಸೆಕೆಗೆ ಅಂದುಕೊಂಡಿದ್ದ. ವಿಷ ಇಳೀಲಿ ಅಂತ ಮಾಲೀಕ ದಿನಾ ಒಂದು ಅಚ್ಚು ಬೆಲ್ಲ ಕೊಡ್ತಾನಂತೆ.

ಆ ಹುಡುಗ ದಡ್ಡ ಅಲ್ಲ. ಯಾವ ಓದುಗನೂ ತನಗೆ ಗೊತ್ತಿರೋ ಚಿತ್ರದಿಂದಲೇ ಹೊಸ ಚಿತ್ರವನ್ನು ಓದುತ್ತಾನೆ. ಅವನಿಗೆ ಕ್ಯಾಲೆಂಡರಿನ ಆಂಜನೇಯನನ್ನು ಮನೆಮನೆಗೆ ಮುಟ್ಟಿಸಿದ ಈ ದೇಶ, ಎದೆ ಒಡೆದ ಈ ಕೆಲಸಗಾರನನ್ನು ಮುಟ್ಟಿಸಲಿಲ್ಲ. ಕವಿಗಳಾದ ನಾವೂ ಆ ಕೆಲಸ ಮಾಡಲಿಲ್ಲ.

ಹೊಸ ವಿಷ, ಈಗ ತಾನೇ ಗೊತ್ತಾಗುತ್ತಿದೆ ಅನ್ನೋ ಹಾಗೂ ಇಲ್ಲ. 1827ರಲ್ಲೇ ಗ್ಲಾಸ್ಗೋದ ವಿಲಿಯಂ ಕ್ಯೂಮಿನ್ ಅನ್ನೋ ವೈದ್ಯ ಬಣ್ಣ ಹಾಕುವವರ ಕೈಯ ಈ ಹುಣ್ಣುಗಳ ಬಗ್ಗೆ ಅಚ್ಚಿನಲ್ಲಿ ಬರೆದ. ಅದೇ ಲೇಖನದ ಮೊದಲ ಭಾಗ ಯಾವುದರ ಮೇಲೆ ಗೊತ್ತಾ? ಎಕ್ಕದ ಗಿಡದ ಔಷಧಿ ಗುಣದ ಮೇಲೆ. (ಇಂಗ್ಲಿಷಿನಲ್ಲಿ ‘ಮದಾರ್’ ಅಂತ ಬರೆದಿದ್ದಾನೆ. ನಮ್ಮ ಮಾದಾರ ಚೆನ್ನಯ್ಯನಿಗೂ ಅದಕ್ಕೂ ನಂಟಿಲ್ಲ, ನಗು ಬಂತು ಅಷ್ಟೆ.) ನಮ್ಮ ಬೇಲಿ ಸಾಲಿನ ಎಕ್ಕದ ಸುದ್ದಿ 200 ವರ್ಷದ ಹಿಂದೆಯೇ ಗ್ಲಾಸ್ಗೋಗೆ ಹೋಗಿ ಮುಟ್ಟಿದೆ. ಅದೇ ಹಾಳೆಯ ಹುಣ್ಣಿನ ಸುದ್ದಿ ಮಾತ್ರ ನಮ್ಮ ಶೆಡ್ಡಿಗೆ ವಾಪಸು ಬಂದಿಲ್ಲ. 1890ರಲ್ಲಿ ಸ್ಕಾಟ್ಲೆಂಡಿನ ಕ್ರೋಮ್ ಬಣ್ಣದ ಕೆಲಸಗಾರನೊಬ್ಬನ ಮೂಗಿನಲ್ಲಿ ಕ್ಯಾನ್ಸರು ಕಂಡದ್ದು ದಾಖಲಾಯಿತು. 1936ರಲ್ಲಿ ಜರ್ಮನಿ ಕ್ರೋಮೇಟ್ ಕೆಲಸಗಾರರ ಪುಪ್ಪುಸದ ಕ್ಯಾನ್ಸರನ್ನು ಕಸುಬಿನ ರೋಗ ಅಂತ ಒಪ್ಪಿತು. 1990ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆರರ ಕ್ರೋಮಿಯಂ ಮನುಷ್ಯರಿಗೆ ಕ್ಯಾನ್ಸರು ತರುವುದು ಖಚಿತ ಅನ್ನೋ ಪಟ್ಟಿಗೆ ಸೇರಿಸಿತು.

ಇನ್ನು ನಮ್ಮ ಕಾನೂನನ್ನೂ ಒಂದು ಪಠ್ಯ ಅಂತಲೇ ಓದೋಣ. 1948ರ ಕಾರ್ಖಾನೆ ಕಾಯಿದೆಯ ಕೊನೆಯಲ್ಲಿ ಒಂದು ಪಟ್ಟಿ ಇತ್ತು. ಯಾವ ಯಾವ ರೋಗ ಕಂಡರೆ ಇನ್ಸ್‌ಪೆಕ್ಟರಿಗೆ ತಿಳಿಸಬೇಕು ಅನ್ನೋ ಪಟ್ಟಿ. ಸೀಸ, ರಂಜಕ, ಪಾದರಸ, ಮ್ಯಾಂಗನೀಸು, ಪಾಷಾಣ, ಬೆಂಜೀನು... ಹತ್ತನೆಯದು ಕ್ರೋಮ್ ಹುಣ್ಣು. ಹನ್ನೊಂದನೆಯದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಸತ್ತ ದನದ ತೊಗಲು ಸುಲಿಯುವವನಿಗೆ, ಹೊರುವವನಿಗೆ ಅಂಟುವಂಥದ್ದು. ಒಂದರ ಕೆಳಗೆ ಒಂದು. ಮುಟ್ಟಿಸಿಕೊಳ್ಳದ ಜಾತಿಯವರು ಹಿಂದೆ ಯಾವ ಕೆಲಸಕ್ಕೆ ಸತ್ತರು, ಈಗ ಯಾವುದಕ್ಕೆ ಸಾಯುತ್ತಾರೆ ಅನ್ನೋದನ್ನು ಪಟ್ಟಿ ಬರೆದವನು ಗೊತ್ತಿಲ್ಲದೆಯೇ ಪಕ್ಕಪಕ್ಕದಲ್ಲಿ ಇಟ್ಟುಬಿಟ್ಟಿದ್ದಾನೆ. ಆ ಪಟ್ಟಿಯಲ್ಲಿ ರೋಗಕ್ಕೆ ಹೆಸರಿದೆ, ರೋಗಿಗೆ ಇಲ್ಲ. ಹುಣ್ಣು ‘ಆಗುತ್ತದೆ’, ಯಾರೂ ಮಾಡುವುದಿಲ್ಲ. ವ್ಯಾಕರಣದಲ್ಲಿ ಕರ್ತೃ ಇಲ್ಲದ ವಾಕ್ಯ ಅಂತ ಏನನ್ನು ಕರೆಯುತ್ತಾರೋ ಅದರ ಒಳ್ಳೇ ಮಾದರಿ ಬೇಕಾದರೆ ಕಾವ್ಯಮೀಮಾಂಸೆ ಬಿಟ್ಟು ಕಾರ್ಖಾನೆ ಕಾನೂನು ಓದಬೇಕು.

1984ರಲ್ಲಿ ಭೋಪಾಲದಲ್ಲಿ ಅಷ್ಟು ಜನ ಸತ್ತ ಮೇಲೆ, 1987ರಲ್ಲಿ ಅದೇ ಕಾಯಿದೆಗೆ ತಿದ್ದುಪಡಿ ಬಂತು. ಅಪಾಯ ಏನು ಅಂತ ಕೆಲಸಗಾರನಿಗೆ ಹೇಳಬೇಕು ಅಂತ ಆಗ ಬರೆದರು. ಗಾಳಿಯಲ್ಲಿ ಎಷ್ಟಿರಬಹುದು ಅಂತಲೂ ಬರೆದರು: ಕ್ರೋಮೇಟಾದರೆ ಒಂದು ಘನ ಮೀಟರಿಗೆ 0.05 ಮಿಲಿಗ್ರಾಂ. 2006ರಲ್ಲಿ ಅಮೆರಿಕ ತನ್ನ ಕೆಲಸಗಾರರಿಗೆ ಗೊತ್ತು ಮಾಡಿದ ಮಿತಿ 0.005. ಹತ್ತು ಪಟ್ಟು ವ್ಯತ್ಯಾಸ. ನಮ್ಮ ಮೂಗು ಅವರ ಮೂಗಿಗಿಂತ ಹತ್ತು ಪಟ್ಟು ಗಟ್ಟಿ ಇರಬೇಕು. 2025ರ ನವೆಂಬರ್ 21ರಿಂದ ಆ ಹಳೇ ಕಾಯಿದೆಯ ಜಾಗಕ್ಕೆ ಕಸುಬಿನ ಸುರಕ್ಷತೆಯ ಹೊಸ ಸಂಹಿತೆ ಬಂದಿದೆ. ಹಿಂದೆ ಕರೆಂಟು ಇರೋ ಕಡೆ 10 ಜನ ದುಡಿದರೆ ಅದು ಕಾರ್ಖಾನೆ. ಈಗ 20 ಜನ ಬೇಕು. ಅಪಾಯದ ಕೆಲಸವಾದರೆ ಒಬ್ಬನೇ ಇದ್ದರೂ ಸಂಹಿತೆಯನ್ನು ಅನ್ವಯಿಸಲು ಸರ್ಕಾರಕ್ಕೆ ಅಧಿಕಾರ ಇದೆ, ಮನಸ್ಸು ಮಾಡಿದರೆ. ಆರು ಜನರ ಶೆಡ್ಡು ಲೆಕ್ಕದಲ್ಲಿ ಕಾರ್ಖಾನೆಯೇ ಅಲ್ಲ. ಹಾಗಾದರೆ ಅಲ್ಲಿ ಬಿದ್ದ ತೂತೂ ತೂತಲ್ಲ.

ಬೇಡದ ಸಾವು ಇದು, ತಪ್ಪಿಸಲು ಬರುತ್ತೆ ಅನ್ನೋದು ಇನ್ನೂ ಸಿಟ್ಟು ತರಿಸುವ ವಿಷಯ. ತೊಟ್ಟಿಯ ಅಂಚಿಗೇ ಗಾಳಿ ಎಳೆಯುವ ಸೀಳು ಕೂರಿಸಬಹುದು. ದ್ರಾವಣದ ಮೇಲೆ ನೊರೆ ಕಟ್ಟಿಸಿ, ಪ್ಲಾಸ್ಟಿಕ್ ಚೆಂಡು ತೇಲಿಬಿಟ್ಟು ಮಂಜನ್ನು ತಗ್ಗಿಸಬಹುದು. ಬರೀ ಅಂದಕ್ಕೆ ಹಾಕುವ ಹೊಳಪಾದರೆ ಮೂರರ ಕ್ರೋಮಿಯಮ್ಮಿನಲ್ಲೇ ಹಾಕಬಹುದು, ಹಾಕುತ್ತಲೂ ಇದ್ದಾರೆ. ಖರ್ಚು ಸ್ವಲ್ಪ ಹೆಚ್ಚು. ಬೆಲ್ಲ ಅಗ್ಗ.

ಆ ಬೆಲ್ಲದ ಮಾತು ಬಂದದ್ದಕ್ಕೆ ತೊಗಲಿನ ಕತೆಯನ್ನೂ ಹೇಳಬೇಕು. ಡೋಹರ ಕಕ್ಕಯ್ಯನ ಕುಲದವರು ತೊಗಲು ಹದ ಮಾಡುತ್ತಿದ್ದದ್ದು ಸುಣ್ಣ, ತಂಗಡಿ ತೊಗಟೆ, ಅಳಲೆಕಾಯಿಯಲ್ಲಿ. ವಾರಗಟ್ಟಲೆ ಹಿಡಿಯುತ್ತಿತ್ತು. ಕ್ರೋಮ್ ಹದ ಬಂದು ಅದು ದಿನಗಳ ಕೆಲಸ ಆಯಿತು. 20ನೇ ಶತಮಾನದ ಶುರುವಿನಲ್ಲಿ ಮದರಾಸಿನಲ್ಲಿ ಅದರ ಪ್ರಯೋಗ ಮಾಡಿಸಿದ ಆಲ್ಫ್ರೆಡ್ ಚಾಟರ್ಟನ್ನೇ ಆಮೇಲೆ ಮೈಸೂರು ಸಂಸ್ಥಾನಕ್ಕೆ ಕೈಗಾರಿಕಾ ನಿರ್ದೇಶಕನಾಗಿ ಬಂದ. ಆರರ ಡೈಕ್ರೋಮೇಟಿಗೆ ಗಂಧಕಾಮ್ಲ, ಕಾಕಂಬಿ ಹಾಕಿ ಮೂರಕ್ಕೆ ಇಳಿಸಿಕೊಂಡು ತೊಗಲಿಗೆ ಬಳಸುವ ರೂಢಿ ಹದಗಾರರಲ್ಲಿ ಇತ್ತು. ತೊಟ್ಟಿಯಲ್ಲಿ ಸಿಹಿ ವಿಷ ಇಳಿಸುತ್ತೆ, ನಿಜ. ಆದರೆ ಹೊಟ್ಟೆಗೆ ಹೋದ ಬೆಲ್ಲ ಮೂಗಿನ ಗೋಡೆಯನ್ನು ಕಾಯಲ್ಲ. ತಮಿಳುನಾಡಿನ ರಾಣಿಪೇಟೆಯಲ್ಲಿ ತೊಗಲಿನ ಕಾರ್ಖಾನೆಗಳಿಗೆ ಬೇಕಾದ ಕ್ರೋಮ್ ಉಪ್ಪು ಮಾಡುತ್ತಿದ್ದ ಕಾರ್ಖಾನೆ ಮುಚ್ಚಿಹೋಯಿತು. ಅದು ಬಿಟ್ಟುಹೋದ ಲಕ್ಷ ಟನ್ನಿಗೂ ಮಿಕ್ಕಿದ ಕಸದ ಗುಡ್ಡದಿಂದಾಗಿ 2006ರಲ್ಲಿ ಆ ಊರು ಜಗತ್ತಿನ ಅತಿ ಕೊಳಕು ಹತ್ತು ಜಾಗಗಳ ಪಟ್ಟಿ ಸೇರಿತು. ನಮ್ಮ ಪೀಣ್ಯದ ಅಂತರ್ಜಲದಲ್ಲೂ ಆರರ ಕ್ರೋಮಿಯಂ ಸಿಕ್ಕಿದ್ದು ಸರ್ಕಾರದ್ದೇ ದಾಖಲೆಗಳಲ್ಲಿದೆ.

ನಮ್ಮ ಕೇರಿ ದಾಟುವಾಗ ಮೂಗು ಮುಚ್ಚಿಕೊಂಡು ನಡೆದವರನ್ನು ನಮ್ಮ ಅಜ್ಜಿಯಂದಿರು ನೋಡಿದ್ದಾರೆ. ಯಾರು ಮೂಗು ಮುಚ್ಚಬಹುದು, ಯಾರು ಮೂಗು ತೆರೆದುಕೊಂಡೇ ದುಡಿಯಬೇಕು ಅನ್ನೋದನ್ನು ಜಾತಿ ಬಹಳ ಹಿಂದೆಯೇ ತೀರ್ಮಾನ ಮಾಡಿ ಇಟ್ಟಿದೆ. ಕಾರ್ಖಾನೆ ಬಂದರೆ ಜಾತಿ ಕರಗುತ್ತೆ ಅಂತ ನಂಬಿದ ಗೆಳೆಯರು ಬೊಂಬಾಯಿ ಗಿರಣಿಗಳನ್ನು ನೆನೆಯಬೇಕು. ಅಲ್ಲಿ ನೇಯ್ಗೆ ವಿಭಾಗದಲ್ಲಿ ಲಾಳಿಯ ನೂಲನ್ನು ಬಾಯಿಂದ ಎಳೆಯಬೇಕಿತ್ತು, ಎಂಜಲಾಗುತ್ತೆ ಅಂತ ದಲಿತರನ್ನು ಆ ವಿಭಾಗಕ್ಕೆ ಸೇರಿಸುತ್ತಿರಲಿಲ್ಲ. ಕೂಲಿ ಜಾಸ್ತಿ ಇದ್ದದ್ದು ಅಲ್ಲೇ. 1928ರ ಮುಷ್ಕರದ ಹೊತ್ತಿನಲ್ಲಿ ಅಂಬೇಡ್ಕರ್ ಇದನ್ನೇ ಎತ್ತಿ ಕೇಳಿದರು. ಯಾವ ವಿಭಾಗದ ಗಾಳಿಯನ್ನು ಯಾರು ಕುಡಿಯಬೇಕು ಅನ್ನೋದು ಆಗಲೂ ಜಾತಿಯ ಲೆಕ್ಕ. ಈಗ ಆ ಲೆಕ್ಕವನ್ನು ಮೇಸ್ತ್ರಿ ಬಾಯಲ್ಲಿ ಹೇಳೋದಿಲ್ಲ, ಅಷ್ಟೆ.

ಹಾಗಾದರೆ ಹೇಗೆ ಬರೀಬೇಕು? ನನಗೆ ಸಿಕ್ಕ ಒಂದು ಮಾದರಿ ಕವಿತೆ ಅಲ್ಲ, ಕರಪತ್ರ. ಮತ್ತೆ ಗ್ಲಾಸ್ಗೋಗೇ ಹೋಗಬೇಕು. ಅದರ ಪಕ್ಕದ ರದರ್ಗ್ಲೆನ್‌ನಲ್ಲಿ ವೈಟ್ ಮನೆತನದ ಕ್ರೋಮ್ ಕಾರ್ಖಾನೆ ಇತ್ತು. ಒಡೆಯ ಲಾರ್ಡ್ ಓವರ್‌ಟೌನ್ ದೊಡ್ಡ ದೈವಭಕ್ತ, ಧರ್ಮಪ್ರಚಾರಕ್ಕೆ ಕೈ ತುಂಬ ಕೊಟ್ಟವನು, ಭಾನುವಾರ ದೇವರ ದಿನ, ಯಾರೂ ಕೆಲಸ ಮಾಡಬಾರದು ಅಂತ ವಾದಿಸಿದವನು. ಅವನ ಕಾರ್ಖಾನೆಯಲ್ಲಿ ಜನ ದಿನಕ್ಕೆ 12 ಗಂಟೆ, ವಾರಕ್ಕೆ ಏಳೂ ದಿನ ದುಡಿಯುತ್ತಿದ್ದರು. ಊಟಕ್ಕೆ ಅಂತ ಬಿಡುವು ಇರಲಿಲ್ಲ. ಮೂಗಲ್ಲಿ ತೂತು, ಚರ್ಮದಲ್ಲಿ ತೂತು. 1899ರಲ್ಲಿ ಕೀರ್ ಹಾರ್ಡಿ ಇದನ್ನು ಬಯಲಿಗೆಳೆದ. ಹತ್ತರ ವಯಸ್ಸಿಗೇ ಕಲ್ಲಿದ್ದಲು ಗಣಿಗೆ ಇಳಿದವನು, ಶಾಲೆಯ ಓದು ಇಲ್ಲದವನು. ಆ ಕರಪತ್ರದ ಬಲ ಇರೋದು ಬೈಗುಳದಲ್ಲಿ ಅಲ್ಲ. ಗಂಟೆಗೆ ಎಷ್ಟು ಕೂಲಿ, ಎಷ್ಟು ಹೊತ್ತು ಕೆಲಸ, ಭಾನುವಾರ ಯಾರು ದುಡಿದರು ಅನ್ನೋ ವಿವರದಲ್ಲಿ. ದಾನಿಯ ಪಕ್ಕದಲ್ಲಿ ದಾನದ ಮೂಲವನ್ನು ತಂದು ನಿಲ್ಲಿಸಿದ್ದರಲ್ಲಿ. ಅದಾದ ಮೇಲೆ ಒಡೆಯ ಕೆಲಸದ ಹೊತ್ತನ್ನು, ಭಾನುವಾರದ ದುಡಿಮೆಯನ್ನು ಒಂದಿಷ್ಟು ಕಮ್ಮಿ ಮಾಡಬೇಕಾಯಿತು. ಯಾವ ಕವಿತೆಯಿಂದ ಒಂದು ಗಂಟೆ ಕಮ್ಮಿ ಆಗಿದೆ, ಹೇಳಿ. (ಆ ಕಾರ್ಖಾನೆ 1967ರಲ್ಲಿ ಮುಚ್ಚಿತು. ಅದರ ಕಸ ಹೂತ ಕಡೆ 2019ರಲ್ಲೂ ಹಳ್ಳದ ನೀರು ಹಸಿರಾಗಿ ಹರಿದಿತ್ತು.)

ಇದು ವರದಿ, ಕಾವ್ಯ ಅಲ್ಲ ಅನ್ನೋ ಮಾತು ಬಂದೇ ಬರುತ್ತೆ. ವಿಶ್ವವಿದ್ಯಾಲಯದಿಂದಷ್ಟೇ ಅಲ್ಲ, ನಮ್ಮೊಳಗಿನಿಂದಲೂ. ಅಮೆರಿಕದ ಮ್ಯೂರಿಯಲ್ ರುಕೈಸರ್ 1938ರಲ್ಲಿ ಒಂದು ದೀರ್ಘ ಕವಿತೆ ಅಚ್ಚು ಹಾಕಿಸಿದಳು. ವೆಸ್ಟ್ ವರ್ಜೀನಿಯಾದ ಗುಡ್ಡ ಕೊರೆದು ಸುರಂಗ ತೋಡುವಾಗ ಕಲ್ಲಿನ ಸಿಲಿಕಾ ಧೂಳು ಕುಡಿದು ಸತ್ತವರ ಮೇಲೆ. ಅದು ಕ್ರೋಮ್ ಅಲ್ಲ, ಆದರೆ ಸತ್ತವರು ಅದೇ ಜಾತಿ: ಒಳಗೆ ಇಳಿದವರಲ್ಲಿ ಹೆಚ್ಚಿನವರು ಊರು ಬಿಟ್ಟು ಬಂದ ಕಪ್ಪು ಜನ. ಅವಳು ವಿಚಾರಣೆಯ ಸಾಕ್ಷ್ಯವನ್ನೇ, ವೈದ್ಯರ ಮಾತನ್ನೇ, ಲೆಕ್ಕವನ್ನೇ ಕವಿತೆಯೊಳಗೆ ತಂದಳು. ಅಲ್ಲಿ ಬೆವರಿನ ವರ್ಣನೆ ಮಾಡಿ ಕಣ್ಣೀರು ಕರೆಯುವ ಕೆಲಸ ಇಲ್ಲ. ನಮ್ಮಲ್ಲಿ ಇಂಥದು ಬರಬೇಕಾದರೆ ಕವಿ ಶೆಡ್ಡಿನ ಒಳಗೆ ಹೋಗಬೇಕು, ಹುಡುಗನ ಮೂಗಿಗೆ ಟಾರ್ಚು ಬಿಟ್ಟು ನೋಡಬೇಕು, ಎಷ್ಟು ದಿನದಿಂದ ಸೀನು ಅಂತ ಬರಕೋಬೇಕು.

ಇನ್ನೊಂದು ಸಣ್ಣ ಕೆಲಸ ಇದೆ, ಕವಿತೆಗಿಂತ ಕಷ್ಟದ್ದು. ಪೀಪಾಯಿಯ ಇಂಗ್ಲಿಷನ್ನು ಕನ್ನಡಕ್ಕೆ ತರೋದು. ಕಚೇರಿ ಕನ್ನಡದ ಕೈಗೆ ಕೊಟ್ಟರೆ ಅದು ‘ಷಡ್ವೇಲೆನ್ಸೀಯ ಕ್ರೋಮಿಯಂ ಸಂಯುಕ್ತಗಳಿಗೆ ದೀರ್ಘಾವಧಿಯ ಒಡ್ಡಿಕೊಳ್ಳುವಿಕೆಯು ನಾಸಿಕ ಭಿತ್ತಿಯ ರಂಧ್ರೀಕರಣಕ್ಕೆ ಕಾರಣವಾಗಬಹುದು’ ಅಂತ ಆಗುತ್ತೆ. ಇದಕ್ಕಿಂತ ಇಂಗ್ಲಿಷೇ ವಾಸಿ, ಅರ್ಥ ಆಗಲ್ಲ ಅಂತಾದರೂ ಗೊತ್ತಾಗುತ್ತೆ. ನಾನೂ ಆ ಹುಡುಗನೂ ಕೂತು ಒಂದು ಬೋರ್ಡಿನ ಮಾತು ಕಟ್ಟಿದೆವು. ‘ಹಾನಿಕರ’ ಅಂತ ಬರೆದರೆ ‘ಬೀಡಿ ಪೊಟ್ಟಣದ ಮೇಲೂ ಅದೇ ಐತೆ, ಯಾರು ನೋಡ್ತಾರೆ’ ಅಂದ. ‘ನಾಸಿಕ’ ಬಿಟ್ಟೆವು. ‘ಬಹುದು’ ಬಿಟ್ಟೆವು. ಉಳಿದದ್ದು ಇಷ್ಟು:

ಈ ತೊಟ್ಟಿಯ ಮಂಜು ಮೂಗು ಕೊರೆಯುತ್ತೆ. ನೋವಾಗಲ್ಲ. ರಕ್ತ ಜಿನುಗಿದರೆ ಅದು ಸೆಕೆ ಅಲ್ಲ. ಸೀನು ನಿಂತು ಸೀಟಿ ಶುರುವಾದರೆ ತೂತು ಬಿದ್ದಿದೆ. ಕೈ ಗೀರಿದ್ದರೆ ತೊಟ್ಟಿ ಮುಟ್ಟಬೇಡಿ. ಬೆಲ್ಲದಿಂದ ಹೋಗಲ್ಲ. ಗಾಳಿ ಎಳೆಯೋ ಮಿಷನ್ನು ಓಡದಿದ್ದರೆ ಕರೆಂಟು ಹಾಕಬಾರದು.

ಕೊನೇ ಸಾಲನ್ನ ಇಂಗ್ಲಿಷಲ್ಲೂ ಬರಿ ಅಣ್ಣ, ದೊಡ್ಡಕ್ಷರದಲ್ಲಿ, ಅಂದ ಹುಡುಗ. ಅದನ್ನ ಓದಬೇಕಾದೋನು ನಾನಲ್ಲ.